ಕಿಟಕಿಗೆ ಅಂಟಿಸಿದ ಬೊಟ್ಟು

ನಮ್ಮ ಸಾರ್ ಅವರ ವೈಕುಂಠ ಸಮಾರಾಧನೆಯ ಊಟ ಮುಗಿಸಿ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದೆ. ಅವರ ಹೆಂಡತಿ ಹಿಂದಿನಿಂದ ಬಂದು, ಹಳೆಯ ದಿಂಬಿನ ಕವರಿನಲ್ಲಿ ಸುತ್ತಿದ್ದ ಒಂದು ಗಂಟನ್ನು ನನ್ನ ಕೈಗೆ ತುರುಕಿದರು.

"ಇದನ್ನ ನೀನೇ ತಗೊಂಡ್ಹೋಗಮ್ಮ. ಮನೇಲಿದ್ರೆ ನಂಗೆ ಹೊಟ್ಟೆ ಉರಿಯತ್ತೆ," ಎಂದರು.

ಬಿಚ್ಚಿ ನೋಡಬೇಕಾಗಿರಲಿಲ್ಲ. ಬಟ್ಟೆಯ ಮೇಲಿನಿಂದಲೇ ಆ ರಬ್ಬರ್ ಕೀಗಳು ಬೆರಳಿಗೆ ಸಿಕ್ಕವು. ಟಿವಿಗೆ ಜೋಡಿಸಿಕೊಂಡು ಬಳಸುವ, ಒಂದು ಪುಸ್ತಕದಷ್ಟೇ ಗಾತ್ರದ ಹಳೆಯ ಕಾಲದ ಮನೆ ಕಂಪ್ಯೂಟರ್ ಅದು. ಅದರ ಮುಂದೆ ಕೂತು ಅವರು ತಮ್ಮ ತಲೆಯನ್ನು ತಾವೇ ವಾಪಸು ಪಡೆಯಲು ಒಂದು ಮಳೆಗಾಲವಿಡೀ ಒದ್ದಾಡಿದರು. ಆಗಲಿಲ್ಲ. ಪಕ್ಕದಲ್ಲಿ ಕೂತು ಅದನ್ನು ನೋಡಿದವಳು ನಾನು. ದಾಸರಹಳ್ಳಿಯ ಮೆಟ್ರೋ ನಿಲ್ದಾಣದ ಮೆಟ್ಟಿಲ ಮೇಲೆ ಆ ಗಂಟನ್ನು ಮಡಿಲಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಕೂತೆ. ಹತ್ತುವವರು, ಇಳಿಯುವವರು ನನ್ನನ್ನು ಬಳಸಿಕೊಂಡು ಹೋದರು. ಇವರಲ್ಲಿ ಒಬ್ಬರಿಗಾದರೂ ಅವರು ಯಾರೆಂದು ಗೊತ್ತೇ ಎಂದು ಎಲ್ಲರ ಮೇಲೂ ಸಿಟ್ಟು ಬಂತು. ಗೊತ್ತಿರಲು ಕಾರಣವೇ ಇಲ್ಲ ಎನ್ನುವುದು ನನಗೂ ತಿಳಿದಿತ್ತು, ಆದರೂ ಬಂತು.

ಪೀಣ್ಯ ಎರಡನೇ ಹಂತದಲ್ಲಿ ಆಗ ಯಂತ್ರಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡಿಕೊಡುವ ಸಣ್ಣ ಕಂಪನಿಯೊಂದಿತ್ತು. ನಾನು ಅದರ ವೈರಿಂಗ್ ವಿಭಾಗಕ್ಕೆ ಸೇರಿದಾಗ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅವರು ಅಲ್ಲಿ ಪ್ರೋಗ್ರಾಂ ಬರೆಯುತ್ತಿದ್ದರು. ಈಗ ವೈಟ್‌ಫೀಲ್ಡಿನಲ್ಲಿ ಹುಡುಗರು ಬರೆಯುವಂಥದ್ದಲ್ಲ, ಅಸೆಂಬ್ಲಿ. ಪ್ರೊಸೆಸರ್ ಎಂಬ ಆ ಪುಟ್ಟ ಕರಿಯ ತುಂಡಿಗೆ, ಈ ಸಂಖ್ಯೆ ತಗೋ, ಅಲ್ಲಿ ಇಡು, ಒಂದು ಕೂಡು, ಸಮವಾದರೆ ಇಲ್ಲಿಗೆ ಬಾ, ಇಲ್ಲದಿದ್ದರೆ ಹಿಂದಕ್ಕೆ ಹೋಗು ಎಂದು ಒಂದೊಂದೇ ಹೆಜ್ಜೆ ಹೇಳಿಕೊಡುವುದು. ಚಿಕ್ಕ ಮಗುವಿಗೆ ಅನ್ನ ಕಲಸಿ ತಿನ್ನುವುದನ್ನು ಹೇಳಿಕೊಟ್ಟ ಹಾಗೆ, ಒಂದು ಹೆಜ್ಜೆ ಬಿಟ್ಟರೂ ಕೈ ಬಾಯಿಗೆ ಹೋಗುವುದಿಲ್ಲ.

ಅವರ ಕೆಲಸದ ರೀತಿ ನೋಡಿ ಮೊದಮೊದಲು ನನಗೆ ನಗು ತಡೆಯಲಾಗುತ್ತಿರಲಿಲ್ಲ. ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನಿನ ಬದಲು ಟೆಸ್ಟರ್, ಇನ್ನೊಂದು ಜೇಬಿನಲ್ಲಿ ಕಡ್ಲೆಪುರಿ. ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಕಣ್ಣು ಮುಚ್ಚುತ್ತಿದ್ದರು. ಎಡಗೈಯ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಜಪಕ್ಕೆ ಕೂತವರಂತೆ ಓಡುತ್ತಿತ್ತು. ಅದು ಪ್ರೋಗ್ರಾಮಿನಲ್ಲಿ ಎಷ್ಟು ಹೆಜ್ಜೆ ಹಿಂದೆ ಹಾರಬೇಕು, ಎಷ್ಟು ಮುಂದೆ ಹಾರಬೇಕು ಎಂಬ ಲೆಕ್ಕ. ಬಾಯಿ ಸಂಕೇತಗಳನ್ನು ಹೇಳುತ್ತಿತ್ತು. "ಮೂರು ಇ. ಸೊನ್ನೆ ಐದು. ಸಿ ಡಿ." ನಾನು ಎದುರಿಗೆ ಕೂತು ಕೀಪ್ಯಾಡಿನಲ್ಲಿ ಒತ್ತಬೇಕು. ನಾವು ಇದಕ್ಕೆ ಓದೋದು–ಒತ್ತೋದು ಎನ್ನುತ್ತಿದ್ದೆವು. ಅಷ್ಟು ಜನ ಇದ್ದರೂ ನನ್ನನ್ನೇ ಯಾಕೆ ಕರೆಯುತ್ತೀರಿ ಎಂದು ಒಮ್ಮೆ ಕೇಳಿದೆ.

"ಬೇರೆಯವರು ಒತ್ತೋಕ್ಕೆ ಮುಂಚೆ ಇದು ಯಾಕೆ ಸಾರ್ ಅಂತಾರೆ. ನೀನು ಒತ್ತಿ ಆದ್ಮೇಲೆ ಕೇಳ್ತೀಯ. ಅಷ್ಟೊತ್ತಿಗೆ ನಂಗೂ ಉತ್ತರ ಹೊಳೆದಿರತ್ತೆ," ಎಂದರು.

ಅವರದೊಂದು ಕಟ್ಟುನಿಟ್ಟಾದ ಅಭ್ಯಾಸವಿತ್ತು. ಪ್ರತಿ ತುಣುಕಿನ ಕೊನೆಗೆ "ಸೊನ್ನೆ ಸೊನ್ನೆ, ಸೊನ್ನೆ ಸೊನ್ನೆ, ಸೊನ್ನೆ ಸೊನ್ನೆ" ಎಂದು ಹೇಳುತ್ತಿದ್ದರು. ಏನೂ ಮಾಡಬೇಡ, ಸುಮ್ಮನೆ ಮುಂದಕ್ಕೆ ಹೋಗು ಎಂಬ ಆಜ್ಞೆ ಅದು. ಏನೂ ಮಾಡಿಸದ್ದನ್ನು ಯಾಕೆ ಒತ್ತಬೇಕು ಎಂದು ನನಗೆ ಸಿಟ್ಟು.

"ನಾಳೆ ಏನೋ ಮರ್ತಿದೀವಿ ಅಂತ ಗೊತ್ತಾದ್ರೆ ತುರುಕೋಕೆ ಜಾಗ ಬೇಕಲ್ಲಮ್ಮ. ಇಲ್ದಿದ್ರೆ ಎಲ್ಲಾ ಕಿತ್ತು ಮೊದಲಿಂದ ಒತ್ತಬೇಕು. ಮರೆವು ಅನ್ನೋದು ಬಂದೇ ಬರತ್ತೆ. ಅದಕ್ಕೆ ಮೊದಲೇ ಒಂದು ಮಣೆ ಹಾಕಿಡಬೇಕು."

ಈ ಜಾಗ ಬಿಡುವ ಚಟ ಅವರಿಗೆ ಎಲ್ಲದರಲ್ಲೂ ಇತ್ತು. ಅವರ ಮನೆಯ ಪ್ರತಿ ಶೆಲ್ಫಿನಲ್ಲೂ ಒಂದು ಮೂಲೆ ಖಾಲಿ. ಊಟದ ಡಬ್ಬಿಯ ಮೇಲಿನ ಬಟ್ಟಲು ಯಾವಾಗಲೂ ಅರ್ಧವೇ ತುಂಬಿರುತ್ತಿತ್ತು. ಮಾತಾಡುವಾಗಲೂ ಅಷ್ಟೇ, ವಾಕ್ಯದ ನಡುವೆ ನಿಲ್ಲಿಸಿ, ಗೋಡೆ ನೋಡಿ, ಆಮೇಲೆ ಮುಂದುವರಿಸುವುದು. ಊಟದ ಹೊತ್ತಿನಲ್ಲಿ ನಾವು ಹೆಂಗಸರು ಅವರನ್ನು ಅಣಕಿಸಿ ಎಷ್ಟು ನಕ್ಕಿದ್ದೇವೋ. ಎಷ್ಟೋ ವರ್ಷಗಳ ನಂತರ ಅವರಿಗೆ ಕಾಯಿಲೆ ಶುರುವಾದಾಗ ನಮಗ್ಯಾರಿಗೂ ತಿಳಿಯದೆ ಹೋಗಿದ್ದು ಇದರಿಂದಲೇ. ಮಾತಿನ ನಡುವೆ ನಿಂತರೆ, ಸಾರ್ ಎಂದಿನಂತೆ ಜಾಗ ಬಿಡುತ್ತಿದ್ದಾರೆ ಅಂದುಕೊಂಡೆವು. ಆ ಜಾಗಕ್ಕೆ ಹಾಕಲು ಅವರ ಬಳಿ ಏನೂ ಉಳಿದಿಲ್ಲ ಎಂದು ಯಾರಿಗೆ ಹೊಳೆಯಬೇಕು?

ಈಗ ಬೊಟ್ಟಿನ ಸಂಗತಿ. ಬರೆದ ಪ್ರೋಗ್ರಾಮನ್ನು ಕೊನೆಗೆ ಒಂದು ಚಿಪ್‌ಗೆ ಇಳಿಸುತ್ತಿದ್ದರು. ಆ ಚಿಪ್‌ನ ನೆತ್ತಿಯ ಮೇಲೆ ದುಂಡನೆಯ ಒಂದು ಗಾಜಿನ ಕಿಟಕಿ. ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ಕಿರಣ ಆ ಕಿಟಕಿಯೊಳಗೆ ದಿನಗಟ್ಟಲೆ ಬಿದ್ದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ. ಅದಕ್ಕಾಗಿ ಮೇಲೆ ಸ್ಟಿಕ್ಕರ್ ಅಂಟಿಸಬೇಕು. ಒಂದು ದಿನ ಸ್ಟಿಕ್ಕರುಗಳು ಮುಗಿದಿದ್ದವು, ಗಿರಾಕಿಯ ಆಟೋ ಹೊರಗೆ ಕಾಯುತ್ತಿತ್ತು. ಅವರು ಅತ್ತಿತ್ತ ನೋಡಿ, ನನ್ನ ಹಣೆಯ ಮೇಲೆ ಕಣ್ಣು ನಿಲ್ಲಿಸಿದರು. ನಾನಾಗ ದೊಡ್ಡ ಮರೂನ್ ಬಣ್ಣದ ಸ್ಟಿಕ್ಕರ್ ಬೊಟ್ಟು ಇಡುತ್ತಿದ್ದೆ. ಕಿತ್ತು ಕೊಟ್ಟೆ. ಕಿಟಕಿಗೆ ಅಳೆದು ಮಾಡಿಸಿದಂತೆ ಕೂತಿತು. ಅದರ ಮೇಲೊಂದು ಕರಿ ಟೇಪು. ಅಂದಿನಿಂದ ನಮ್ಮಲ್ಲಿಂದ ಹೊರಗೆ ಹೋಗುವ ಪ್ರತಿ ಚಿಪ್‌ಗೂ ಒಂದು ಬೊಟ್ಟು. ಗಿರಾಕಿಗಳು ಇದೇನೋ ಶಾಸ್ತ್ರ ಅಂದುಕೊಂಡು ಕೈ ಮುಗಿಯುತ್ತಿದ್ದರು.

ನನ್ನ ಗಂಡ ಲಾರಿ ಅಪಘಾತದಲ್ಲಿ ಹೋದಾಗ ನಾನು ತಿಂಗಳು ರಜೆ ಹಾಕಿ, ಬೋಳು ಹಣೆಯಲ್ಲಿ ಕೆಲಸಕ್ಕೆ ಬಂದೆ. ವಿಭಾಗದಲ್ಲಿ ಎಲ್ಲರೂ ತಲೆ ತಗ್ಗಿಸಿಕೊಂಡಿದ್ದರು, ಯಾರಿಗೂ ನನ್ನ ಮುಖ ನೋಡುವ ಧೈರ್ಯವಿರಲಿಲ್ಲ. ಅವರು ಟ್ರೇ ಹಿಡಿದುಕೊಂಡು ನೇರ ನನ್ನ ಮೇಜಿನ ಮುಂದೆ ನಿಂತರು.

"ಏನಮ್ಮ ಇದು? ಇಷ್ಟು ಚಿಪ್ ಕಾಯ್ತಾ ಕೂತಿವೆ. ಬೊಟ್ಟೆಲ್ಲಿ?"

"ಸಾರ್, ನಾನಿನ್ನು..."

"ಅದೆಲ್ಲ ನಂಗೆ ಗೊತ್ತಿಲ್ಲ. ಬೊಟ್ಟು ತರೋದು ನಿನ್ನ ಕೆಲಸ. ಹಣೆ ಮೇಲೆ ಇಟ್ಕೊಂಡು ತರ್ತೀಯೋ, ಪರ್ಸಲ್ಲಿ ಇಟ್ಕೊಂಡು ತರ್ತೀಯೋ ನಿನ್ನಿಷ್ಟ. ಪರ್ಸಲ್ಲಿಟ್ರೆ ಅಂಟು ಒಣಗತ್ತೆ, ಅದೊಂದು ಹೇಳಿರ್ತೀನಿ."

ಇಷ್ಟು ಹೇಳಿ ಟ್ರೇ ಇಟ್ಟು ಹೋದರು. ಮಾರನೇ ದಿನ ನಾನು ಬೊಟ್ಟು ಇಟ್ಟುಕೊಂಡು ಬಂದೆ. ಅತ್ತೆ ಕೇಳಿದ್ದಕ್ಕೆ ಕಂಪನಿಯ ಕೆಲಸ ಎಂದೆ. ಇವತ್ತಿನವರೆಗೂ ಇಡುತ್ತೇನೆ. ಅವರು ನನಗೆ ಕೊಟ್ಟಿದ್ದು ಏನೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕಂಪನಿ ಮುಚ್ಚಿತು. ಮಾಲೀಕರ ಮಕ್ಕಳು ಜಾಗ ಮಾರಿದರು. ಈಗ ಅಲ್ಲಿ ಆನ್‌ಲೈನ್ ಸಾಮಾನಿನ ಗೋದಾಮು, ಬೈಕಿನ ಹುಡುಗರು ಗುಂಪುಗಟ್ಟಿ ನಿಂತಿರುತ್ತಾರೆ. ಕಂಪನಿ ಮುದ್ರಿಸಿಟ್ಟಿದ್ದ ಸಾರ್ ಪ್ರೋಗ್ರಾಮುಗಳ ಕಾಗದವೆಲ್ಲ ಗುಜರಿಗೆ ಹೋಯಿತು. ನಾನು ಹೆಗ್ಗನಹಳ್ಳಿಯ ಒಂದು ಶೆಡ್ಡಿನಲ್ಲಿ ಕೆಲಸ ಹಿಡಿದೆ, ಅವರು ಮನೆಯಲ್ಲೇ ಕೂತರು. ಅವರಿಗೆ ಮಕ್ಕಳಿರಲಿಲ್ಲ. ಅವರ ಬೊಟ್ಟಿನ ಚಿಪ್‌ಗಳು ಒಂದೊಂದೇ ಹೊಸ ರೆಡಿಮೇಡ್ ಕಂಟ್ರೋಲ್ ಪೆಟ್ಟಿಗೆಗಳಿಗೆ ಜಾಗ ಬಿಟ್ಟುಕೊಟ್ಟವು. ಕೊನೆಗೆ ಉಳಿದದ್ದು ಒಂದೇ, ಗಂಗಾಧರಣ್ಣನ ಶೆಡ್ಡಿನಲ್ಲಿ.

ಗಂಗಾಧರಣ್ಣ ಪೀಣ್ಯ ಊರಿನವರೇ. ಕೈಗಾರಿಕಾ ಪ್ರದೇಶಕ್ಕೆ ಹೋಗಿ ಉಳಿದ ತುಂಡು ಜಮೀನಿನಲ್ಲಿ ಶೆಡ್ ಹಾಕಿ ಟ್ರಾನ್ಸ್‌ಫಾರ್ಮರಿನ ಕಾಯಿಲ್ ಸುತ್ತಿಸುತ್ತಿದ್ದರು. ತಾಮ್ರದ ತಂತಿಯನ್ನು ಎಣಿಸಿ ಸುತ್ತುವ, ಒಂದು ಪದರ ಮುಗಿದರೆ ಹಿಂದಕ್ಕೆ ತಿರುಗುವ, ಹೇಳಿದ ಸುತ್ತಿಗೆ ಟಕ್ಕೆಂದು ನಿಲ್ಲುವ ಯಂತ್ರ ಅದು. ಪ್ರತಿ ಆಯುಧಪೂಜೆಗೆ ಗಂಗಾಧರಣ್ಣ ನಮ್ಮ ಸಾರನ್ನು ಕರೆಸಿ, ಅವರ ಕೈಯಿಂದಲೇ ಆ ಯಂತ್ರಕ್ಕೆ ಪೂಜೆ ಮಾಡಿಸುತ್ತಿದ್ದರು. ಅಂದು ಅವರು ಪಂಚೆ ಉಟ್ಟು, ಮದುವೆಗೆ ಹೊರಟವರಂತೆ ಹೊರಡುತ್ತಿದ್ದರು.

ಹಾಗೆ ಒಂದು ಪೂಜೆ ಮುಗಿದು, ಮುಂದಿನ ಯುಗಾದಿಯ ಹೊತ್ತಿಗೆ ಯಂತ್ರ ಲೆಕ್ಕ ತಪ್ಪತೊಡಗಿತು. ಒಮ್ಮೆ ಬೇಗ ನಿಲ್ಲುತ್ತಿತ್ತು, ಒಮ್ಮೆ ನಿಲ್ಲುತ್ತಲೇ ಇರಲಿಲ್ಲ. ಗಂಗಾಧರಣ್ಣ ಫೋನ್ ಮಾಡಿ ನಮ್ಮಿಬ್ಬರನ್ನೂ ಕರೆದರು. ಸಾರ್ ಪ್ಯಾನೆಲ್ ತೆಗೆದು ಚಿಪ್ ಈಚೆಗೆ ತಂದರು. ಕಿಟಕಿಯ ಮೇಲೆ ಬೊಟ್ಟು ಇರಲಿಲ್ಲ. ಸೆಕೆಗೆಂದು ಶೆಡ್ಡಿನವರು ಪ್ಯಾನೆಲ್ಲಿನ ಬಾಗಿಲನ್ನು ಬೇಸಿಗೆ ಶುರುವಾದಾಗಿನಿಂದ ತೆರೆದೇ ಇಟ್ಟಿದ್ದರು. ಮೇಲೆ ಬೆಳಕಿಗಾಗಿ ಶೀಟು ಬಿಚ್ಚಿಟ್ಟ ಕಿಂಡಿ. ಬಿಸಿಲು ನೇರ ಒಳಗೆ.

"ಯಾವನು ಕಿತ್ತಿದ್ದು ಇದನ್ನ?" ಎಂದು ಅವರು ಕೂಗಿದರು. ಅವರು ಕೂಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಬೊಟ್ಟಿಗೆ ಕೈ ಹಚ್ಚಬಾರ್ದು ಅಂತ ಎಷ್ಟು ಸಲ ಹೇಳಿದೀನಿ! ಯಾರ ಕೈ ಅದು?"

ಕಾಯಿಲ್ ಸುತ್ತುವ ಹೆಂಗಸರು ನೆಲ ನೋಡಿದರು. ಗಂಗಾಧರಣ್ಣ ಕತ್ತು ತುರಿಸಿಕೊಂಡರು. "ಓಗ್ಲಿ ಬುಡಿ ಸಾರ್. ಆಗೋಯ್ತು."

"ಬಿಡೋದೇನ್ರೀ. ನಾನು ಬರ್ದಿದ್ದು ನಂಗೆ ಬರಲ್ವಾ? ಮತ್ತೆ ಬರ್ಕೊಡ್ತೀನಿ. ಯಂತ್ರಕ್ಕೆ ಬೇರೆಯವರ ಕೈ ಹಾಕಿಸ್ಬೇಡಿ," ಎಂದು ಚಿಪ್ಪನ್ನು ಜೇಬಿಗೆ ಹಾಕಿಕೊಂಡರು.

ಅಟ್ಟದಿಂದ ಆ ಮನೆ ಕಂಪ್ಯೂಟರ್ ಇಳಿದದ್ದು ಆ ವಾರ. ಒಂದು ಕಾಲದಲ್ಲಿ ಅವರ ಭಾವಮೈದುನ ದುಬೈಯಿಂದ ತಂದುಕೊಟ್ಟದ್ದು. ಸುತ್ತುವ ಯಂತ್ರದಲ್ಲಿದ್ದ ಪ್ರೊಸೆಸರೇ ಅದರಲ್ಲೂ ಇತ್ತು. ಹಾಗಾಗಿ ಮನೆಯಲ್ಲಿ ಬರೆದು, ಟಿವಿಯಲ್ಲಿ ಓಡಿಸಿ ನೋಡಿ, ಸರಿಯಾದ ಮೇಲೆ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಚಿಪ್‌ಗೆ ಇಳಿಸುವುದು ಎಂದು ಹೇಳಿದರು. ಬರೆದದ್ದನ್ನು ಉಳಿಸಿಡಲು ಕ್ಯಾಸೆಟ್ ರೆಕಾರ್ಡರ್ ಬೇಕಿತ್ತು, ಅದರ ಬೆಲ್ಟ್ ಕರಗಿ ಬೆಲ್ಲದ ಪಾಕದಂತಾಗಿತ್ತು. ಅಂದರೆ ಕರೆಂಟ್ ಹೋದರೆ ಒತ್ತಿದ್ದೆಲ್ಲ ಹೋಯಿತು. ದಾಸರಹಳ್ಳಿಯಲ್ಲಿ ಕರೆಂಟ್ ಹೋಗುವುದನ್ನು ನಾನು ಹೇಳಬೇಕಾಗಿಲ್ಲ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ನಾನು ಅವರ ಮನೆಗೆ ಹೋಗುತ್ತಿದ್ದೆ. ಅದೇ ಓದೋದು–ಒತ್ತೋದು. ಮೊದಲ ವಾರ ಅವರ ಹೆಬ್ಬೆರಳು ಗೆಣ್ಣಿನ ಮೇಲೆ ಓಡತೊಡಗಿದಾಗ ನನಗೆ ಕಣ್ಣು ತುಂಬಿತು. ಹತ್ತಿಪ್ಪತ್ತು ಸಂಕೇತ ಹೇಳಿ ನಿಂತರು. ನಾನು ಕಾದೆ. ಸೊನ್ನೆ ಸೊನ್ನೆ ಎನ್ನುತ್ತಾರೇನೋ ಎಂದು ಬೆರಳನ್ನು ಸೊನ್ನೆಯ ಕೀ ಮೇಲೆ ಇಟ್ಟುಕೊಂಡೇ ಕಾದೆ. ಹೆಬ್ಬೆರಳು ಒಂದು ಗೆಣ್ಣಿನ ಮೇಲೆ ನಿಂತುಬಿಟ್ಟಿತ್ತು.

"ಎಲ್ಲಿದ್ದೆ ನಾನು?" ಎಂದು ಕೇಳಿದರು.

ಅವರ ಹೆಂಡತಿ ನನ್ನನ್ನು ಕಾಫಿಯ ನೆಪದಲ್ಲಿ ಅಡುಗೆಮನೆಗೆ ಕರೆದು, ಡಾಕ್ಟರು ಮರೆವಿನ ಕಾಯಿಲೆ ಎಂದಿದ್ದಾರೆ, ವಾಸಿಯಾಗುವುದಲ್ಲವಂತೆ ಎಂದರು. ಹಾಲು ಉಕ್ಕುತ್ತಿದ್ದರೂ ನಾವಿಬ್ಬರೂ ನೋಡುತ್ತಾ ನಿಂತಿದ್ದೆವು. ಈಚೆಗೆ ಬಂದಾಗ ಅವರೇ ಶುರು ಮಾಡಿದರು.

"ಹೇಳಿದ್ಲಾ? ಆ ಡಾಕ್ಟ್ರು ನಂಗೆ ಗಡಿಯಾರ ಬರೀರಿ ಅಂದ್ರು. ಮುಳ್ಳು ತಪ್ಪು ಕಡೆ ಹಾಕ್ದೆನಂತೆ. ಗಡಿಯಾರ ಬರೆಯೋದು ನನ್ನ ಕೆಲಸ ಅಲ್ಲಮ್ಮ. ನನ್ನ ಕೆಲಸ ಇದು. ಇದು ಬಂದ್ರೆ ನಾನು ಇನ್ನೂ ಇದೀನಿ. ಬರ್ಲಿಲ್ಲ ಅಂದ್ರೆ ಅವರು ಹೇಳಿದ್ದು ನಿಜ."

ಆಮೇಲಿನ ಭಾನುವಾರಗಳೆಲ್ಲ ಒಂದೇ ಥರ. ಅಸೆಂಬ್ಲಿಯಲ್ಲಿ ಒಂದು ನಿಯಮವಿದೆ. ಬೇರೆ ಕೆಲಸಕ್ಕೆ ಹೋಗುವ ಮುಂಚೆ ಕೈಯಲ್ಲಿರುವ ಸಂಖ್ಯೆಯನ್ನು ತಟ್ಟೆಗಳ ಮೇಲೆ ತಟ್ಟೆ ಪೇರಿಸಿದಂತೆ ಒಂದು ಕಡೆ ಇಟ್ಟು ಹೋಗಬೇಕು, ಹಿಂದಿರುಗುವ ಮುನ್ನ ಅದನ್ನು ತೆಗೆದುಕೊಳ್ಳಬೇಕು. ತೆಗೆಯದೆ ಬಂದರೆ ಪ್ರೊಸೆಸರಿಗೆ ದಾರಿ ತಪ್ಪುತ್ತದೆ. ಅವರು ಇಡುವುದನ್ನು ಹೇಳುತ್ತಿದ್ದರು, ತೆಗೆಯುವುದನ್ನು ಮರೆಯುತ್ತಿದ್ದರು. ಟಿವಿಯ ತುಂಬ ಬಣ್ಣದ ಪಟ್ಟೆಗಳು ಬಂದು ಎಲ್ಲ ಸ್ತಬ್ಧ. ಪ್ಲಗ್ ಕಿತ್ತು ಮತ್ತೆ ಹಾಕಿ, ಮೊದಲಿನಿಂದ. ಅವರು ಎಂದೂ ಬರೆದಿಟ್ಟುಕೊಂಡವರಲ್ಲ, ಆದರೆ ನನ್ನ ಒತ್ತಾಯಕ್ಕೆ ಹಳೆ ಕ್ಯಾಲೆಂಡರಿನ ಹಾಳೆಗಳ ಹಿಂದೆ ಬರೆಯತೊಡಗಿದರು. ಮುಂದಿನ ವಾರ ಆ ಹಾಳೆ ಎತ್ತಿ ಕೊಟ್ಟೆ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಯಾರಮ್ಮ ಬರ್ದಿದ್ದು ಇದನ್ನ?"

"ನೀವೇ ಸಾರ್. ಹೋದ ವಾರ."

"ಒಳ್ಳೆ ಕೈ. ಆದ್ರೆ ಇವನು ಏನು ಮಾಡಕ್ಕೆ ಹೊರಟಿದಾನೆ ಅಂತ ನಂಗೆ ಗೊತ್ತಾಗ್ತಿಲ್ಲ," ಎಂದು ಹಾಳೆ ಮಡಚಿ ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ, "ಮೂರು ಇ," ಎಂದು ಶುರು ಮಾಡಿದರು.

ಒಂದೇ ಒಂದು ಭಾನುವಾರ ಬಂತು, ಅದನ್ನು ಹೇಳದೆ ಇದ್ದರೆ ತಪ್ಪಾಗುತ್ತದೆ. ಅಂದು ಅವರ ಮುಖವೇ ಬೇರೆ ಇತ್ತು. ನಿಲ್ಲದೆ ಹೇಳಿದರು. ಇಟ್ಟದ್ದನ್ನು ತೆಗೆದರು, ಸೊನ್ನೆ ಸೊನ್ನೆಗಳನ್ನು ಬಿಟ್ಟರು, ನಡುವೆ ನಾನೊಂದು ತಪ್ಪು ಒತ್ತಿದಾಗ ಕಣ್ಣು ತೆರೆಯದೆಯೇ "ಅದಲ್ಲ" ಎಂದರು. ಓಡಿಸಿದೆವು. ಟಿವಿಯ ಮೇಲೆ ಸಂಖ್ಯೆ ಏರಿತು, ಪದರದ ಕೊನೆಗೆ ದಿಕ್ಕು ಬದಲಾಯಿತು, ಮತ್ತೆ ಏರಿತು, ನಾವು ಕೊಟ್ಟ ಸುತ್ತಿಗೆ ಸರಿಯಾಗಿ ನಿಂತು ಕಂಪ್ಯೂಟರು ಕೀಂ ಎಂದಿತು. ಅವರು ಎದ್ದು ನಿಂತು, ಏನು ಮಾಡಬೇಕೆಂದು ತಿಳಿಯದೆ, ಟಿವಿಯ ತಲೆ ಸವರಿದರು. ಅವರ ಹೆಂಡತಿ ಕೇಸರಿಬಾತ್ ಮಾಡಿದರು. ನಾನು ಆ ಪ್ರೋಗ್ರಾಮನ್ನು ಒಂದಕ್ಷರ ಬಿಡದೆ ಬರೆದುಕೊಂಡೆ. ಇನ್ನು ಚಿಪ್‌ಗೆ ಇಳಿಸುವುದೊಂದೇ ಬಾಕಿ.

ಈ ಸುದ್ದಿ ಹೇಳಲು ನಾನು ವಾರದ ನಡುವೆ ಅರ್ಧ ದಿನ ರಜೆ ಹಾಕಿ ಗಂಗಾಧರಣ್ಣನ ಶೆಡ್ಡಿಗೆ ಓಡಿದೆ. ಯಂತ್ರ ಓಡುತ್ತಿತ್ತು. ಅದರ ಪಕ್ಕದಲ್ಲಿ ಹೊಳೆಯುವ ಹೊಸ ಪೆಟ್ಟಿಗೆಯೊಂದು, ಕೆಂಪು ಅಂಕಿಗಳು.

"ತೆಪ್ಪು ತಿಳ್ಕಬ್ಯಾಡಿ ಅಕ್ಕ," ಎಂದರು ಗಂಗಾಧರಣ್ಣ, ನನಗೆ ಕುರ್ಚಿ ಎಳೆದುಕೊಡುತ್ತಾ. "ತಿಂಗ್ಳಾನ್ಗಟ್ಲೆ ಕಾದೆ. ಎಂಗಸ್ರು ಕೈ ಕಟ್ಕೊಂಡು ಕುಂತಿದ್ರು. ಸಾರ್‌ಗೆ ಎಂಗೇಳ್ಲಿ ಅಂತ ಸುಮ್ಕಿದ್ದೆ."

"ಯಾರೋ ಒಬ್ರು ಬೊಟ್ಟು ಕಿತ್ತು ಇಷ್ಟೆಲ್ಲಾ ಆಯ್ತು ಗಂಗಾಧರಣ್ಣ. ಆ ಕೈಗೆ ಏನನ್ಬೇಕು," ಎಂದೆ. ನನಗೆ ಅಳು ಬಂದಿತ್ತು.

ಅವರು ಯಂತ್ರ ನಿಲ್ಲಿಸಿದರು. "ಅಂಗನ್ಬ್ಯಾಡಿ ಅಕ್ಕ. ಕಿತ್ತಿದ್ದು ಸಾರೇ. ಪೂಜೆ ದಿನ. ಪ್ಯಾನೆಲ್ ತಗದು ಕರಿ ಟೇಪು ಕಿತ್ರು, ಉಗುರ್ನಾಗೆ ಆ ಹಳೇ ಬೊಟ್ಟು ಕೆರದ್ರು, ಬಟ್ಟೇಲಿ ವರ್ಸಿ, ಮ್ಯಾಲೆ ಕುಂಕ್ಮ ಇಟ್ಟು ಕೈ ಮುಗುದ್ರು. ನಾವೆಲ್ರೂ ನಿಂತು ನೋಡ್ತಿದ್ವಿ. ಅವ್ರ ಚಿಪ್ಪು, ಅವ್ರ ಕೈ. ನಾವೇನಂತ ಏಳಾದು? ಯುಗಾದೀಗೆ ಬಂದು ಅವ್ರೇ ಕೂಗಾಡ್ದಾಗ ಓಗ್ಲಿ ಬುಡಿ ಅಂದು ಮುಗಿಸ್ದೆ. ನೀವೂ ಏಳ್ಬ್ಯಾಡಿ."

ನಾನು ಹೇಳಲಿಲ್ಲ. ಯಾರಿಗೂ ಬೇಡದ ಪ್ರೋಗ್ರಾಮಿಗೆ ಕೀ ಒತ್ತಲು ಮುಂದಿನ ಭಾನುವಾರವೂ ಹೋದೆ. ಕೇಸರಿಬಾತಿನ ಆ ಭಾನುವಾರ ಅವರಿಗೆ ನೆನಪೇ ಇರಲಿಲ್ಲ. ನಾನು ಬರೆದುಕೊಂಡಿದ್ದ ಹಾಳೆ ತೋರಿಸಿದೆ, ಇದು ಬೇರೆ ಯಾರದ್ದೋ, ಇದನ್ನು ಗಂಗಾಧರಣ್ಣನಿಗೆ ಕೊಟ್ಟರೆ ಮೋಸವಾಗುತ್ತದೆ ಎಂದರು. "ಮೂರು ಇ." ಮತ್ತೆ ಮೊದಲಿನಿಂದ. ಅವರು ಗೆದ್ದಿದ್ದರು, ಗೆದ್ದದ್ದು ಅವರಿಗೆ ಸಿಗಲಿಲ್ಲ. ಇದಕ್ಕಿಂತ ಸೋತಿದ್ದರೇ ಚೆನ್ನಾಗಿತ್ತು ಎಂದು ಬಸ್ಸಿನಲ್ಲಿ ಕೂತು ದೇವರನ್ನು ಬೈದೆ.

ಆಯುಧಪೂಜೆ ಬಂತು. ಗಂಗಾಧರಣ್ಣ ಆ ವರ್ಷ ಕರೆಯಲಿಲ್ಲ, ಪೂಜೆಯ ಸಿಹಿ ಮಾತ್ರ ಕಳಿಸಿದ್ದರು. ಬೆಳಿಗ್ಗೆ ನಾನು ಹೋದಾಗ ಅವರ ಹೆಂಡತಿ ಟಿವಿ, ಕಂಪ್ಯೂಟರು, ಮಿಕ್ಸಿ ಎಲ್ಲವನ್ನೂ ಒರೆಸಿ ಸೇವಂತಿಗೆ ಇಟ್ಟು, ಕುಂಕುಮದ ಭರಣಿಯನ್ನು ಗಂಡನ ಮುಂದೆ ಹಿಡಿದರು. "ಏನೂಂದ್ರೆ, ನೀವೇ ಇಡಿ," ಎಂದರು. ಸಾರ್ ಅವರ ಬಲಗೈಯ ಉಂಗುರದ ಬೆರಳು ಕುಂಕುಮಕ್ಕೆ ಹೋಯಿತು. ಎಡಗೈಯ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಕಂಪ್ಯೂಟರಿನ ಮೂಲೆಯಲ್ಲಿದ್ದ ಅಂಗಡಿಯ ಹಳೇ ಚೀಟಿಯನ್ನು ಕೆರೆಯತೊಡಗಿತು. ಪೂಜೆಗೆ ಕೂತವರು ನಿನ್ನೆಯ ಹೂವನ್ನು ತೆಗೆದುಹಾಕುತ್ತಾರಲ್ಲ, ಹಾಗೆ. ಚೀಟಿ ಅರ್ಧ ಎದ್ದಿತ್ತು. ಅವರು ಕೈ ನಿಲ್ಲಿಸಿ, ಎರಡೂ ಬೆರಳುಗಳನ್ನು ನೋಡಿಕೊಂಡರು.

"ಹಳೇದನ್ನ ತೆಗ್ದು ಹೊಸದು ಇಡೋದು," ಎಂದರು, ತಮಗೆ ತಾವೇ. ಅವರ ಹೆಬ್ಬೆರಳು ನಿಧಾನವಾಗಿ ಗೆಣ್ಣುಗಳ ಮೇಲೆ ಹಿಂದಕ್ಕೆ ಹಿಂದಕ್ಕೆ ಸರಿಯಿತು. ಯಂತ್ರ ತಪ್ಪಿದಾಗ ಅವರು ಹೀಗೆಯೇ, ನಿಂತ ಕಡೆಯಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ ತಪ್ಪನ್ನು ಹಿಡಿಯುತ್ತಿದ್ದರು.

"ಆ ಬೊಟ್ಟು ಕಿತ್ತಿದ್ದು ನಾನೇ ಅಲ್ವೇನಮ್ಮ?"

"ಇಲ್ಲ ಸಾರ್. ನೀವ್ಯಾಕೆ ಕೀಳ್ತೀರಿ? ಯಾರೋ ಹೊಸಬರು..."

"ನೀನು ಒತ್ತೋವಾಗ ಅಷ್ಟು ತಪ್ಪು ಮಾಡಲ್ಲ. ಸುಳ್ಳು ಹೇಳೋವಾಗ ಮಾಡ್ತೀಯ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಹೆಂಗಸರ ಮೇಲೆ ಕೂಗಾಡ್ದೆ ನಾನು. ಎಲ್ರೂ ನೋಡ್ತಿದ್ರು. ಎ‌ಲ್ರಿಗೂ ಗೊತ್ತಿತ್ತು."

ಅವರ ಹೆಂಡತಿ ಭರಣಿ ಹಿಡಿದುಕೊಂಡೇ ನಿಂತಿದ್ದರು. ಸಾರ್ ಎದ್ದು, ಗೋಡೆಯ ಹತ್ತಿರ ಹೋಗಿ ಪ್ಲಗ್ ಕಿತ್ತರು. ಟಿವಿ ಕಪ್ಪಾಯಿತು. ಜೇಬಿನಿಂದ ಆ ಚಿಪ್ ತೆಗೆದರು. ಯುಗಾದಿಯಿಂದ ಅಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು, ಅಂಗಿ ಬದಲಾಯಿಸಿದರೆ ಅದೂ ಹೊಸ ಜೇಬಿಗೆ ಹೋಗುತ್ತಿತ್ತು. ಅದನ್ನು ಅಂಗೈಯಲ್ಲಿಟ್ಟು ನನ್ನ ಮುಂದೆ ಹಿಡಿದರು.

"ಬೊಟ್ಟು ಕೊಡಮ್ಮ."

ಕಿತ್ತು ಕೊಟ್ಟೆ. ಆಗ ಮಾಡುತ್ತಿದ್ದ ಹಾಗೆಯೇ, ಉಸಿರು ಬಿಗಿಹಿಡಿದು, ಕಿಟಕಿಯ ಮಧ್ಯಕ್ಕೆ ಸರಿಯಾಗಿ ಕೂರಿಸಿ, ಅಂಚನ್ನೆಲ್ಲ ಉಗುರಿನಿಂದ ಒತ್ತಿದರು.

"ಸಾರ್, ಒಳಗೆ ಏನೂ ಇಲ್ವಲ್ಲ," ಎಂದೆ.

"ಇಲ್ಲ. ಆದ್ರೆ ನೋಡೋರಿಗೆ ಗೊತ್ತಾಗಬಾರ್ದು."

ಆಮೇಲೆ ಅವರು ಕಂಪ್ಯೂಟರಿನ ಮುಂದೆ ಕೂರಲಿಲ್ಲ. ಅಲ್ಲಿಯವರೆಗೆ ಅವರನ್ನು ಹಿಡಿದಿಟ್ಟಿದ್ದು ಆ ಭಾನುವಾರಗಳೇ ಎಂದು ಅವರ ಹೆಂಡತಿ ಹೇಳುತ್ತಿದ್ದರು, ನಾನೂ ಹಾಗೇ ನಂಬಿದ್ದೇನೆ. ಇಳಿಜಾರಿನಲ್ಲಿ ಬಿಟ್ಟ ಗಾಡಿಯಂತೆ ಆರೇಳು ತಿಂಗಳಲ್ಲಿ ಎಲ್ಲ ಇಳಿದುಹೋಯಿತು. ಊಟ ಮಾಡಿದ್ದು, ಬಚ್ಚಲಿನ ದಾರಿ, ಹೆಂಡತಿಯ ಹೆಸರು. ಒಳ್ಳೆಯವರಿಗೆ ಹೀಗಾಗಬಾರದು ಎಂದು ಜನ ಹೇಳುತ್ತಾರೆ. ಯಾರಿಗೂ ಆಗಬಾರದು.

ಮೆಟ್ರೋ ಮೆಟ್ಟಿಲ ಮೇಲೆ ಕೂತು ಕೊನೆಗೆ ಗಂಟು ಬಿಚ್ಚಿದೆ. ಕಂಪ್ಯೂಟರಿನ ಜೊತೆ ಆ ಚಿಪ್ಪೂ ಇತ್ತು. ಬೊಟ್ಟು ಭದ್ರವಾಗಿ ಅಂಟಿಕೊಂಡಿತ್ತು, ಒಂದಂಚೂ ಎದ್ದಿರಲಿಲ್ಲ.

ನಾನು ಅವರನ್ನು ಕೊನೆಯದಾಗಿ ನೋಡಿದ್ದು ಸಾಯುವುದಕ್ಕೆ ಕೆಲವೇ ದಿನ ಮುಂಚೆ, ಒಂದು ಮಧ್ಯಾಹ್ನ. ಕೆಲಸದಿಂದ ನೇರ ಹೋಗಿದ್ದೆ, ಬೇಸಿಗೆಯ ಬೆವರಿಗೆ ಹಣೆಯ ಬೊಟ್ಟು ಎಲ್ಲೋ ಬಿದ್ದುಹೋಗಿದ್ದು ನನಗೆ ಗೊತ್ತೇ ಇರಲಿಲ್ಲ. ಹಾಲಿನ ಮಂಚದ ಮೇಲೆ ಗೋಡೆ ನೋಡುತ್ತಾ ಮಲಗಿದ್ದರು. ಸಾರ್ ಎಂದೆ. ತಿರುಗಿದರು. ಕಣ್ಣಲ್ಲಿ ನನ್ನ ಗುರುತಿರಲಿಲ್ಲ. ಯಾರೋ ಹೆಂಗಸು ಬಂದಿದ್ದಾಳೆ ಎಂಬಷ್ಟೂ ಇರಲಿಲ್ಲ. ಆ ಕಣ್ಣು ನನ್ನ ಮುಖದ ಮೇಲೆಲ್ಲ ಅಲೆದು ಹಣೆಗೆ ಬಂದು ನಿಂತಿತು. ಕಷ್ಟಪಟ್ಟು ಕೈ ಎತ್ತಿ, ಹೆಬ್ಬೆರಳನ್ನು ನನ್ನ ಹುಬ್ಬುಗಳ ನಡುವೆ ಒತ್ತಿ ಹಿಡಿದರು.

"ಬೆಳಕು ಬೀಳತ್ತಮ್ಮ," ಎಂದರು.

ನಾನು ಅಲುಗಾಡಲಿಲ್ಲ. ತೋಳು ಸೋಲತೊಡಗಿದರೂ ಅವರು ಬೆರಳು ತೆಗೆಯಲಿಲ್ಲ. ನಿದ್ದೆ ಬಂದು ಕೈ ತಾನಾಗಿಯೇ ಜಾರುವವರೆಗೆ ಅದನ್ನು ಅಲ್ಲೇ ಒತ್ತಿಕೊಂಡಿದ್ದರು.